ವಿಕ್ರಮಾದಿತ್ಯನ ಮೂಲ: ಒಂದು ಸಪ್ರಮಾಣ ಗೊಂದಲ

ಉಜ್ಜಯಿನಿಯ ವಿಕ್ರಮಾದಿತ್ಯ ನಿಜಕ್ಕೂ ಇದ್ದನೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧ ಎತ್ತುವುದಿಲ್ಲ. ಇರಲಿಲ್ಲ ಎಂದು ತೀರ್ಮಾನವಾದರೆ ಪ್ರಬಂಧ ಬರೆಯುವ ಅವಕಾಶವೇ ತಪ್ಪುತ್ತದೆ. ಆದ್ದರಿಂದ ಆತ ಇದ್ದನೆಂದೇ ಹಿಡಿದು, ಯಾರೆಂಬುದನ್ನಷ್ಟೇ ವಿಚಾರಿಸಲಾಗಿದೆ.

ಮೊದಲ ಪಕ್ಷ: ಕ್ರಿ.ಪೂ. 57ರಲ್ಲಿ ಶಕರನ್ನು ಓಡಿಸಿ ವಿಕ್ರಮಶಕೆ ಹೂಡಿದವನೇ ಈತ. ಜೈನರ ಕಾಲಕಾಚಾರ್ಯ ಕಥೆ ಇದಕ್ಕೆ ಆಧಾರ. ಉಜ್ಜಯಿನಿಯ ಗರ್ದಭಿಲ್ಲ ರಾಜ ಒಬ್ಬ ಸಾಧ್ವಿಯನ್ನು ಅಪಹರಿಸಿದ. ಆಕೆಯ ಸಹೋದರ ಕಾಲಕ ಶಕರನ್ನು ಕರೆತಂದ. ಬಂದವರನ್ನು ವಿಕ್ರಮಾದಿತ್ಯ ಅಟ್ಟಿದ. ಎಲ್ಲವೂ ಸರಿ. ಆದರೆ ಹಳೆಯ ಶಾಸನಗಳು ಈ ಶಕೆಯನ್ನು ಮೊದಲು ಕೃತ ಎನ್ನುತ್ತವೆ, ಆಮೇಲೆ ಮಾಲವ ಎನ್ನುತ್ತವೆ. ವಿಕ್ರಮನ ಹೆಸರು ಕಾಣಿಸುವುದು ಸುಮಾರು 9ನೇ ಶತಮಾನದಲ್ಲಿ. ದೊರೆ ಬಹಳ ಸಂಕೋಚದವನಿದ್ದಿರಬೇಕು. ಈ ಶಕೆಯನ್ನು ಆರಂಭಿಸಿದವನು ಅಜೆಸ್ ಎಂಬ ದೊರೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆತನೂ ಶಕನೇ! ಅಂದರೆ ಸೋತವರೇ ಗೆದ್ದವನ ಪಂಚಾಂಗ ಬರೆದುಕೊಟ್ಟಂತಾಯಿತು.

19ನೇ ಶತಮಾನದ ವಿದ್ವಾಂಸ ಜೇಮ್ಸ್ ಫರ್ಗುಸನ್ ಇದಕ್ಕೊಂದು ಪರಿಹಾರ ಕಂಡುಕೊಂಡರು. ಅವರ ಪ್ರಕಾರ ಕ್ರಿ.ಶ. 544ರಲ್ಲಿ ಕೊರೂರಿನ ಯುದ್ಧ ಗೆದ್ದ ದೊರೆಯ ನೆನಪಿಗೆ ಶಕೆ ಹುಟ್ಟಿತು. ಹುಟ್ಟುವಾಗಲೇ ಅದಕ್ಕೆ 600 ವರ್ಷ ವಯಸ್ಸು ಕೊಡಲಾಯಿತು. ಮ್ಯಾಕ್ಸ್ ಮುಲ್ಲರ್ ಕೂಡ ತಲೆದೂಗಿದರು. ಅಷ್ಟರಲ್ಲಿ ಮಂದಸೌರ್‌ನ ರೇಷ್ಮೆ ನೇಕಾರರ ಶಾಸನ ಬೆಳಕಿಗೆ ಬಂತು. ತಾವು ಕಟ್ಟಿಸಿದ ಸೂರ್ಯ ದೇಗುಲಕ್ಕೆ ಅವರು ಮಾಲವ ವರ್ಷ 493 ಮತ್ತು 529 ಎಂದು ತೇದಿ ಹಾಕಿಸಿದ್ದರು. ಕ್ರಿ.ಶ. ಲೆಕ್ಕದಲ್ಲಿ ಎರಡೂ 5ನೇ ಶತಮಾನದವು. ಸಿದ್ಧಾಂತ ಬಿದ್ದುಹೋಯಿತು. ನೇಕಾರರಿಗೆ ವಿದ್ವತ್ತಿನ ಶಿಷ್ಟಾಚಾರ ತಿಳಿದಿರಲಿಲ್ಲವೆಂಬುದು ಸ್ಪಷ್ಟ.

ಎರಡನೆಯ ಪಕ್ಷ ಗುಪ್ತರ ಇಮ್ಮಡಿ ಚಂದ್ರಗುಪ್ತನದು. ಪಶ್ಚಿಮದ ಶಕ ಕ್ಷತ್ರಪರನ್ನು ಸೋಲಿಸಿದ್ದಾನೆ, ನಾಣ್ಯಗಳಲ್ಲಿ ವಿಕ್ರಮಾದಿತ್ಯನೆಂಬ ಬಿರುದೂ ಇದೆ. ದೋಷ ಒಂದೇ: ನಾಲ್ಕು ಶತಮಾನ ತಡವಾಗಿ ಹಾಜರಾಗಿದ್ದಾನೆ. ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದರೆನ್ನುವ ನವರತ್ನಗಳ ಹಾಜರಿಯೂ ಇದೇ ಥರದ್ದು. ಅವರಲ್ಲೊಬ್ಬನಾದ ವರಾಹಮಿಹಿರ ತನ್ನ ಗಣಿತಕ್ಕೆ ಹಿಡಿದ ವರ್ಷ ಕ್ರಿ.ಶ. 505. ಕ್ರಿ.ಪೂ. 57ರ ದೊರೆಗೂ ತಡ, ಗುಪ್ತ ದೊರೆಗೂ ತಡ.

ಮೂರನೆಯ ಪಕ್ಷವನ್ನು ಕನ್ನಡಿಗರು ಪಕ್ಷಪಾತವಿಲ್ಲದೆ ಒಪ್ಪತಕ್ಕದ್ದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ ಚಾಲುಕ್ಯ ವಿಕ್ರಮ ವರ್ಷ ಆರಂಭಿಸಿದ. ಉಜ್ಜಯಿನಿಯವನು ಶಕರೊಡನೆ ಹೊಡೆದಾಡಿ ಪಡೆದ ಕೀರ್ತಿಯನ್ನು ಈತ ಶಕವರ್ಷವನ್ನು ಬದಿಗೊತ್ತಿಯೇ ಪಡೆದ, ರಕ್ತಪಾತ ತಪ್ಪಿತು. ಕಾಶ್ಮೀರದಿಂದ ಬಂದ ಬಿಲ್ಹಣ ಈತನ ಚರಿತ್ರೆ ಬರೆದ. ಅಣ್ಣ ಸೋಮೇಶ್ವರನನ್ನು ಇಳಿಸಿ ಸಿಂಹಾಸನ ಹಿಡಿದ ಈ ದೊರೆಯ ಆಸ್ಥಾನದಲ್ಲೇ ವಿಜ್ಞಾನೇಶ್ವರ ಮಿತಾಕ್ಷರ ಬರೆದು, ದಾಯಾದಿಗಳ ಆಸ್ತಿ ಹಂಚಿಕೆಯ ನ್ಯಾಯ ವಿವರಿಸಿದ.

ಉಳಿದ ಪ್ರತ್ಯಕ್ಷ ಸಾಕ್ಷಿ ಬೇತಾಳ. ದೊರೆಯ ಹೆಗಲೇರಿ ಅವನನ್ನು ಅಷ್ಟು ಹತ್ತಿರದಿಂದ ಕಂಡವರು ಬೇರಿಲ್ಲ. ಆದರೆ 11ನೇ ಶತಮಾನದ ಸೋಮದೇವನ ಕಥಾಸರಿತ್ಸಾಗರ ನೋಡಿದರೆ, ಆ ಹೆಗಲು ಪ್ರತಿಷ್ಠಾನದ ತ್ರಿವಿಕ್ರಮಸೇನನದು. ಬೇತಾಳವನ್ನೇ ಕರೆಸಿ ಕೇಳೋಣವೆಂದರೆ ಇನ್ನೊಂದು ತೊಡಕು: ಹೊತ್ತವನು ಬಾಯಿ ಬಿಟ್ಟರೆ ಅದು ಮರಕ್ಕೆ ಮರಳುತ್ತದೆ. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ನಡೆಯಬಲ್ಲ ಇತಿಹಾಸ ಪ್ರಾಧ್ಯಾಪಕರು ಸಿಕ್ಕ ಕೂಡಲೇ ಸಂಶೋಧನೆಯ ಎರಡನೆಯ ಹಂತ ಆರಂಭವಾಗಲಿದೆ.