ಜೇನುನೊಣಕ್ಕೆ ಕಾಯ್ದೆ, ಜಿಂಕೆಗೆ ಪಂಚನಾಮೆ

ನಮ್ಮ ಶಿರೂರು ತಾಲ್ಲೂಕಿನಲ್ಲಿ ಈಗ ಯಾರು ಏನು ತೊಟ್ಟುಕೊಂಡಿದ್ದಾರೆ ಎಂಬುದರ ಪಟ್ಟಿ ಇದು. ಎಮ್ಮೆಯ ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ಮನುಷ್ಯರ ಕುತ್ತಿಗೆಗೆ ಮೊಳೆ ಹೊರಚಾಚಿದ ಪಟ್ಟಿ. ಜಿಂಕೆಗೆ ಏನೂ ಇಲ್ಲ. ಸರ್ಕಾರದ ಕಣ್ಣು ಯಾರವರೆಗೆ ತಲುಪಿದೆ ಎಂದು ತಿಳಿಯಲು ಬೇರೆ ಸಮೀಕ್ಷೆ ಬೇಡ.

ಶಿರೂರು ಅಂದ ಕೂಡಲೆ ಅಂಕೋಲೆಯ ಗುಡ್ಡ, ಉಡುಪಿಯ ಮಠ ನೆನೆದವರು ಮನ್ನಿಸಬೇಕು. ಇದು ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಘೋಡ್ ನದಿಯ ದಂಡೆಗಿರುವ ಶಿರೂರು. ಪಕ್ಕದಲ್ಲೇ ರಾಂಜಣಗಾವ್, ಅಲ್ಲೊಬ್ಬ ಮಹಾಗಣಪತಿ, ಅವನ ನೆರೆಗೆ ಎಂಐಡಿಸಿಯ ಕೈಗಾರಿಕಾ ಪ್ರದೇಶ. ಗಣಪತಿಗೆ ಕೈಮುಗಿದು ಶಿಫ್ಟಿಗೆ ಹೋಗುವ ನಮ್ಮಂಥ ಕನ್ನಡಿಗರಿಗೂ ಇಲ್ಲಿ ಬಾಡಿಗೆ ಮನೆ ಸಿಗುತ್ತದೆ. ಸುತ್ತ ಕಬ್ಬು, ಕಬ್ಬಿನೊಳಗೆ ಚಿರತೆ.

ಎಮ್ಮೆಯ ಓಲೆಯ ಕಥೆ ದೊಡ್ಡದು. 2019ರ ಸೆಪ್ಟೆಂಬರ್ 11ರಂದು ಪ್ರಧಾನಿಯವರು ಮಥುರೆಯಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲಾ ಎಂಬ ಎರಡು ವೈರಿಗಳ ಮೇಲೆ 12,652 ಕೋಟಿ ರೂಪಾಯಿಯ ಯುದ್ಧ. ಅಂದಿನಿಂದ ಎಮ್ಮೆಗೂ ಒಂದು ಗುರುತಿನ ಸಂಖ್ಯೆ ಬಂತು, ಚುಚ್ಚುಮದ್ದಿನ ದಾಖಲೆ ಬಂತು. ಒಳ್ಳೆಯದೇ ಆಯಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಮನುಷ್ಯರ ಪಟ್ಟಿಯ ಕಥೆಯಲ್ಲೂ ನಗುವಂಥದ್ದಿಲ್ಲ. 2025ರ ಅಕ್ಟೋಬರ್ 12ರಿಂದ ನವೆಂಬರ್ 2ರೊಳಗೆ ನಮ್ಮ ತಾಲ್ಲೂಕಿನ ಪಿಂಪರಖೇಡ್ ಸುತ್ತಮುತ್ತ ಚಿರತೆಯ ಬಾಯಿಗೆ ಮೂವರು ಹೋದರು. ಐದು ವರ್ಷದ ಮಗು, ಎಂಬತ್ತೆರಡರ ಅಜ್ಜಿ, ಹದಿಮೂರರ ಹುಡುಗ. ಜನ ರಸ್ತೆಗಿಳಿದರು, ಹೆದ್ದಾರಿ ತಡೆದರು. ಚಿರತೆ ಮೊದಲು ಹಿಡಿಯುವುದು ಕುತ್ತಿಗೆಯನ್ನು ಎಂದು ಗೊತ್ತಿದ್ದವರು ಮೊಳೆ ಹೊಡೆದ ಪಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗತೊಡಗಿದರು. ಕುರಿಹಟ್ಟಿಯ ನಾಯಿಗೆ ಹಿಂದಿನಿಂದಲೂ ಇದ್ದ ಆಭರಣ ತೆರಿಗೆ ಕಟ್ಟುವ ನಾಗರಿಕನ ಕೊರಳಿಗೆ ಬಂತು.

ನಗು ಶುರುವಾಗುವುದು ಡಿಸೆಂಬರ್‌ನಲ್ಲಿ, ನಾಗಪುರದ ಚಳಿಗಾಲದ ಅಧಿವೇಶನದಲ್ಲಿ. ಮಹಾರಾಷ್ಟ್ರದ ಅರಣ್ಯ ಸಚಿವ ಗಣೇಶ್ ನಾಯಕ್ ಒಂದು ಲೆಕ್ಕ ಮಂಡಿಸಿದರು. ಚಿರತೆಯಿಂದ ನಾಲ್ವರು ಸತ್ತರೆ ತಲಾ 25 ಲಕ್ಷದಂತೆ ಒಂದು ಕೋಟಿ ಪರಿಹಾರ. ಸತ್ತ ಮೇಲೆ ಒಂದು ಕೋಟಿ ಕೊಡುವ ಬದಲು, ಒಂದು ಕೋಟಿಯ ಮೇಕೆಗಳನ್ನೇ ಕಾಡಿಗೆ ಬಿಟ್ಟರೆ ಚಿರತೆ ಊರಿಗೆ ಬರುವುದೇ ಇಲ್ಲ. ಹಾಗೆ ಮಾಡಿ ಎಂದು ಅಧಿಕಾರಿಗಳಿಗೆ ಹೇಳಿದ್ದೇನೆ ಎಂದರು.

ಮೂರನೆಯ ಇಯತ್ತೆಯ ಮಕ್ಕಳಿಗೆ ಚೆನ್ನಾದ ಲೆಕ್ಕ. ನಾಲ್ಕು ಮನುಷ್ಯರಿಗೆ ಎಷ್ಟು ಮೇಕೆ? ಶೇಷ ಉಳಿದರೆ ಯಾರಿಗೆ? ಕಬ್ಬಿನಲ್ಲೇ ಹುಟ್ಟಿ, ಕಬ್ಬಿನಲ್ಲೇ ಮರಿ ಹಾಕಿ, ಕಾಡಿನ ವಿಳಾಸವೇ ಗೊತ್ತಿಲ್ಲದ ಚಿರತೆಗೆ ಮೇಕೆ ಹಂಚಿಕೆಯ ಸುದ್ದಿ ತಿಳಿಸುವವರು ಯಾರು? ಬಿಟ್ಟ ಮೇಕೆ ಕಾಡಿನಲ್ಲೇ ನಿಲ್ಲುತ್ತದೆಂದು ಯಾರು ಹೇಳಿದರು? ಮೇಕೆಗೂ ಕಬ್ಬಿನ ಸೋಗೆ ಎಲ್ಲಿದೆ ಎಂದು ಗೊತ್ತು.

ಹಾಲಿನ ಡೇರಿಯ ಕಟ್ಟೆಯ ಮೇಲೆ ನಮ್ಮ ಓಣಿಯ ಕಾಕಾ ಇದನ್ನೇ ಬೇರೆ ದಿಕ್ಕಿನಿಂದ ಕೇಳಿದರು. ನಾಲ್ಕು ಎಮ್ಮೆ ಕಟ್ಟಿದವರು. 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದ ದನದ ಸಂತೆಗಳೆಲ್ಲ ಬಂದ್ ಆದಾಗ, ಮಾರಬೇಕೆಂದಿದ್ದ ಎಮ್ಮೆಯನ್ನು ತಿಂಗಳುಗಟ್ಟಲೆ ಕಟ್ಟಿ ಮೇಯಿಸಿದವರು.

"ಮೇಕೆಗೆ ಚುಚ್ಚುಮದ್ದು ಹಾಕಿ ಬಿಡ್ತಾರೋ, ಹಾಗೇ ಬಿಡ್ತಾರೋ?"

"ಚಿರತೆ ತಿನ್ನೋ ಮೇಕೆಗೆ ಚುಚ್ಚುಮದ್ದು ಯಾಕೆ ಕಾಕಾ?"

"ತಿನ್ನದೇ ಉಳಿದ ಮೇಕೆ ಏನು ಮಾಡುತ್ತೆ? ಜಿಂಕೆ ಜೊತೆ ಮೇಯುತ್ತೆ, ಅದೇ ಹೊಂಡದ ನೀರು ಕುಡಿಯುತ್ತೆ. ನನ್ನ ಎಮ್ಮೆಯನ್ನ ಸಂತೆಗೆ ಬಿಡಲಿಲ್ಲ ಇವರು. ತಮ್ಮ ಮೇಕೆಯನ್ನ ಕಾಡಿಗೆ ಬಿಡ್ತಾರಂತೆ."

ಕಾಕಾ ಕಾನೂನು ಓದಿದವರಲ್ಲ. ಆದರೆ ಅವರು ಹೇಳಿದ್ದು ಕಾನೂನಿನಲ್ಲೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಸೇರಿದ 33ಎ ಕಲಮು ಏನನ್ನುತ್ತದೆಂದರೆ, ಅಭಯಾರಣ್ಯದ ಒಳಗೆ ಮತ್ತು ಸುತ್ತ ಐದು ಕಿಲೋಮೀಟರಿನಲ್ಲಿ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸುವುದು ಮುಖ್ಯ ವನ್ಯಜೀವಿ ಪರಿಪಾಲಕರ ಹೊಣೆ. ಲಸಿಕೆಯಿಲ್ಲದ ಜಾನುವಾರನ್ನು ಯಾರೂ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ, ಮೇಯಿಸುವಂತಿಲ್ಲ. ಅಂದರೆ ಬಾರಾಮತಿ ತಾಲ್ಲೂಕಿನ ಮಯೂರೇಶ್ವರ ಅಭಯಾರಣ್ಯಕ್ಕೆ ಧನಗರ ಕುರುಬನೊಬ್ಬ ಲಸಿಕೆಯಿಲ್ಲದ ಕುರಿ ಹೊಡೆದುಕೊಂಡು ಹೋದರೆ ಅಪರಾಧ. ಇಲಾಖೆ ಲಾರಿಗಟ್ಟಲೆ ಮೇಕೆ ತಂದು ಕಾಡಿಗೆ ಸುರಿದರೆ ಯೋಜನೆ.

ಇದೇನು ಅತಿಯಾದ ಹೆದರಿಕೆ ಅನ್ನುವವರು ಮಂಗೋಲಿಯದ ಸೈಗಾ ಹುಲ್ಲೆಗಳನ್ನು ಕೇಳಬೇಕು. ಉಳಿದಿದ್ದರೆ. ಅಲ್ಲಿ ಕುರಿ ಮೇಕೆಗಳ ಪಿಪಿಆರ್ ಎಂಬ ರೋಗ 2016-17ರಲ್ಲಿ ಹುಲ್ಲುಗಾವಲಿನ ಹುಲ್ಲೆಗಳಿಗೆ ದಾಟಿ ಸಾವಿರಾರು ಸೈಗಾಗಳನ್ನು ಮಲಗಿಸಿತು. ಅಲ್ಲಿ ಮೇಕೆಯನ್ನು ಯಾವ ಸಚಿವರೂ ಬಿಟ್ಟಿರಲಿಲ್ಲ, ಅದು ತಾನಾಗಿ ಮೇಯಲು ಹೋಗಿತ್ತು. ನಮ್ಮಲ್ಲಿ ಸರ್ಕಾರಿ ಖರ್ಚಿನಲ್ಲಿ ಹೋಗುತ್ತದೆ.

ಪ್ರಾಣಿಯನ್ನು ಬೇಕೆಂದ ಕಡೆಗೆ ಸಾಗಿಸಿ, ರೋಗವನ್ನು ಆಮೇಲೆ ನೋಡಿಕೊಳ್ಳೋಣ ಅನ್ನುವ ಧೋರಣೆಯಲ್ಲಿ ಜಗತ್ತಿಗೆ ಗುರು ಅಮೆರಿಕ. ಅಲ್ಲಿ ಜಿಂಕೆ ಸಾಕುವುದು ಒಂದು ಉದ್ಯಮ. ದೊಡ್ಡ ಕೊಂಬಿನ ಗಂಡನ್ನು ಬೆಳೆಸಿ, ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟವನ ಕೈಗೆ ಬಂದೂಕು ಕೊಡುತ್ತಾರೆ. ಜಿಂಕೆಯ ಮೂತ್ರವನ್ನೂ ಬಾಟಲಿಗೆ ತುಂಬಿ ಬೇಟೆಗಾರರಿಗೆ ಮಾರುತ್ತಾರೆ. ಈ ವಿಷಯದಲ್ಲಾದರೂ ಅವರು ನಮ್ಮಿಂದ ಕಲಿತರು ಎಂದು ಯಾರಾದರೂ ಹೆಮ್ಮೆಪಡುವ ಮುಂಚೆ ಹೇಳಿಬಿಡುತ್ತೇನೆ: ಆ ಬಾಟಲಿಯನ್ನು ಅಲ್ಲಿನ ಕೆಲವು ರಾಜ್ಯಗಳು ನಿಷೇಧಿಸಿವೆ.

ಕಾರಣ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಪತ್ರಿಕೆಗಳ ಭಾಷೆಯಲ್ಲಿ ಜೋಂಬಿ ಜಿಂಕೆ ರೋಗ. ಇದನ್ನು ಹಬ್ಬಿಸುವುದು ಬ್ಯಾಕ್ಟೀರಿಯವಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ಹೆಸರು ಪ್ರಿಯಾನ್. ಕುದಿಸಿದರೆ ಸಾಯುವುದಿಲ್ಲ, ಯಾಕೆಂದರೆ ಅದು ಬದುಕಿಯೇ ಇಲ್ಲ. ಜೊಲ್ಲು, ಮೂತ್ರ, ಹಿಕ್ಕೆಗಳಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ತಗುಲಿದ ಜಿಂಕೆ ಒಂದೆರಡು ವರ್ಷ ಚೆನ್ನಾಗಿಯೇ ಕಾಣುತ್ತ, ಆಮೇಲೆ ಸೊರಗಿ, ಜೊಲ್ಲು ಸುರಿಸಿ, ತಲೆ ಜೋತುಬಿದ್ದು ಸಾಯುತ್ತದೆ. ಮದ್ದಿಲ್ಲ, ಲಸಿಕೆಯಿಲ್ಲ. ಮನುಷ್ಯರಿಗೆ ತಗುಲಿದ್ದು ಈವರೆಗೆ ಸಾಬೀತಾಗಿಲ್ಲ. ಹಾಗೆಂದು ಸೋಂಕಿತ ಮಾಂಸ ತಿನ್ನಿ ಎಂದು ಯಾವ ವೈದ್ಯರೂ ಹೇಳಿಲ್ಲ.

ಈ ರೋಗ ಮೊದಲು ಕಂಡದ್ದು ಕಾಡಿನಲ್ಲಲ್ಲ. 1967ರಲ್ಲಿ ಕೊಲರಾಡೊದ ಒಂದು ಸಂಶೋಧನಾ ಕೇಂದ್ರದ ದೊಡ್ಡಿಯಲ್ಲಿ. ಅದು ಮಿದುಳಿಗೆ ತೂತು ಕೊರೆಯುವ ಜಾತಿಯ ರೋಗವೆಂದು ಗುರುತಿಸಲು 1978 ಬರಬೇಕಾಯಿತು. 1981ರಲ್ಲಿ ಕಾಡಿನ ಎಲ್ಕ್‌ನಲ್ಲಿ ಸಿಕ್ಕಿತು. ಕೆನಡಾದಿಂದ ತರಿಸಿದ ಎಲ್ಕ್ ಜೊತೆಗೆ ದಕ್ಷಿಣ ಕೊರಿಯಾಕ್ಕೂ ಹೋಯಿತು. ರೋಗ ಕಾಲಿನಲ್ಲಿ ನಡೆದು ಹೋಗುವ ಕಾಲ ಮುಗಿದು, ರಹದಾರಿ ಪತ್ರದ ಸಮೇತ ಲಾರಿ, ವಿಮಾನ ಹತ್ತಿ ಹೋಗುವ ಕಾಲ ಬಂದಿತ್ತು.

ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಕೇಂದ್ರ ಮಟ್ಟದ ನಿಯಮ ತಂದಿತು. ದೊಡ್ಡಿಯ ಪ್ರತಿ ಜಿಂಕೆಗೆ ಗುರುತು ಹಾಕಿಸಬೇಕು. ಹನ್ನೆರಡು ತಿಂಗಳು ದಾಟಿದ ಯಾವ ಜಿಂಕೆ ಸತ್ತರೂ ಪರೀಕ್ಷೆಗೆ ಕೊಡಬೇಕು. ಐದು ವರ್ಷ ರೋಗ ಕಾಣದಿದ್ದರೆ ಪ್ರಮಾಣಪತ್ರ, ಆಮೇಲೆ ಬೇರೆ ರಾಜ್ಯಕ್ಕೆ ಸಾಗಿಸಬಹುದು. ಕೊಲ್ಲಬೇಕಾಗಿ ಬಂದರೆ ತಲೆಗೆ 3,000 ಡಾಲರ್‌ವರೆಗೆ ಪರಿಹಾರ. ಎಲ್ಲ ಬರೆದು ಕೊನೆಗೆ ಒಂದು ಮಾತು ಸೇರಿಸಿದರು: ಕಾರ್ಯಕ್ರಮಕ್ಕೆ ಸೇರುವುದು ಸ್ವಯಂಪ್ರೇರಿತ. ಪ್ರಿಯಾನ್ ಮಾತ್ರ ಯಾರ ಪ್ರೇರಣೆಗೂ ಕಾಯಲಿಲ್ಲ. ಇಂದು ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿದೆ. ನಾರ್ವೆಯವರು ಬೇರೆ ಬುದ್ಧಿಯ ಜನ. 2016ರಲ್ಲಿ ಕಾಡಿನ ಹಿಮಸಾರಂಗದಲ್ಲಿ ರೋಗ ಕಂಡಾಗ, ಆ ಭಾಗದ ಸುಮಾರು 2,000 ಹಿಮಸಾರಂಗಗಳ ಇಡೀ ಹಿಂಡನ್ನೇ ಕೊಂದುಬಿಟ್ಟರು. ಕ್ರೂರ ನಿರ್ಧಾರ, ಆದರೆ ನಿರ್ಧಾರ.

ಭಾರತದಲ್ಲಿ ಈ ರೋಗ ಪತ್ತೆಯಾಗಿಲ್ಲ. ಪತ್ತೆಯಾಗಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ನಡುವೆ ಒಂದು ಪ್ರಯೋಗಾಲಯದ ದೂರವಿದೆ, ಇರಲಿ. ನಮ್ಮಲ್ಲಿ ಜಿಂಕೆ ಸಾಕುವ ಉದ್ಯಮವೂ ಇಲ್ಲ. ಕಾಡುಪ್ರಾಣಿ ಸರ್ಕಾರದ ಆಸ್ತಿ, ರೈತ ಸಾಕಿದರೆ ಜೈಲು. ಹಾಗಾಗಿ ಬೇಲಿಯೊಳಗಿನ ಜಿಂಕೆಗಳ ದೊಡ್ಡ ಸಾಹುಕಾರ ಸರ್ಕಾರವೇ. ಅದರ ಸಾಕಣೆ ಹೇಗಿದೆ ನೋಡೋಣ.

2025ರ ಜುಲೈ. ಪುಣೆ ಮಹಾನಗರಪಾಲಿಕೆಯ ಕಾತ್ರಜ್ ಪ್ರಾಣಿಸಂಗ್ರಹಾಲಯ. ಕೆಲವೇ ದಿನಗಳಲ್ಲಿ 16 ಚುಕ್ಕೆಜಿಂಕೆಗಳ ಸಾವು. ಕಾರಣ ಕಾಲುಬಾಯಿ ರೋಗ. ಹೌದು, 12,652 ಕೋಟಿಯ ಯುದ್ಧ ನಡೆದಿದ್ದು ಯಾರ ಮೇಲೋ ಅದೇ ವೈರಿ. ಎಮ್ಮೆಯ ಕೊಟ್ಟಿಗೆಗೆ ಕಾವಲಿಟ್ಟೆವು, ಅದು ಟಿಕೆಟ್ ಕೌಂಟರ್ ದಾಟಿ ಒಳಗೆ ಹೋಯಿತು.

2025ರ ನವೆಂಬರ್. ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ, ಕಿತ್ತೂರು ರಾಣಿ ಚನ್ನಮ್ಮ ಕಿರುಮೃಗಾಲಯ. 13ರಂದು ಎಂಟು ಕೃಷ್ಣಮೃಗ, 15ರಂದು ಇಪ್ಪತ್ತು, ಆಮೇಲೆ ಇನ್ನೂ ಮೂರು. ಇದ್ದ 38ರಲ್ಲಿ 31 ಹೋದವು. ಶಾಸ್ತ್ರದ ಪ್ರಕಾರ ಕೃಷ್ಣಮೃಗ ಜಿಂಕೆಯಲ್ಲ, ಹುಲ್ಲೆ. ಸಾವಿಗೆ ಆ ಭೇದವಿರಲಿಲ್ಲ. ಕಾರಣ ಗಳಲೆ ರೋಗ. ಮುಂಗಾರಿಗೆ ಮುಂಚೆ ಎಮ್ಮೆಗೆ ಗಳಲೆಯ ಚುಚ್ಚುಮದ್ದು ಹಾಕಿಸಬೇಕೆಂದು ಬೆಳಗಾವಿ ಸೀಮೆಯ ಯಾವ ಹೈನುಗಾರ್ತಿಯನ್ನು ಕೇಳಿದರೂ ಹೇಳುತ್ತಾಳೆ. ಕರ್ನಾಟಕದ ಅರಣ್ಯ ಸಚಿವರು ತನಿಖೆಗೆ ಆದೇಶಿಸಿದರು. ಬೆಳಗಾವಿ ಯಾರದೆಂದು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಬಡಿದಾಡುತ್ತಿರುವ ಎರಡು ಸರ್ಕಾರಗಳು, ಅಲ್ಲಿ ಸತ್ತ ಕೃಷ್ಣಮೃಗ ಯಾರದೆಂದು ಬಡಿದಾಡಲಿಲ್ಲ.

ಇಷ್ಟಾದ ಮೇಲೆ ಕಾನೂನು ಎಲ್ಲಿತ್ತು ಎಂದು ಹುಡುಕಬೇಕಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ, 2009. ಅದರ ರೋಗಗಳ ಪಟ್ಟಿಯಲ್ಲಿ ಕಾಲುಬಾಯಿಯೂ ಇದೆ, ಗಳಲೆಯೂ ಇದೆ. ರೋಗದ ಸಂಶಯ ಬಂದರೆ ಮಾಲೀಕ ತಕ್ಷಣ ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯ್ತಿಗೆ ವರದಿ ಕೊಡಬೇಕು, ರೋಗದ ಪ್ರಾಣಿಯನ್ನು ಬೇರೆ ಕಟ್ಟಬೇಕು, ತಪ್ಪಿದರೆ ದಂಡ. ಚೆನ್ನಾಗಿದೆ. ಪ್ರಾಣಿ ಅಂದರೆ ಯಾರು ಎಂದೂ ಬರೆದಿದ್ದಾರೆ: ದನ, ಎಮ್ಮೆ, ಕುರಿ, ಮೇಕೆ, ಯಾಕ್, ಮಿಥುನ್, ನಾಯಿ, ಬೆಕ್ಕು, ಹಂದಿ, ಕುದುರೆ, ಒಂಟೆ, ಕತ್ತೆ, ಹೇಸರಗತ್ತೆ, ಕೋಳಿ ಮತ್ತು ಜೇನುನೊಣ. ಜೇನುನೊಣದವರೆಗೆ ಬಂದ ಕಣ್ಣು ಜಿಂಕೆಯನ್ನು ಕಾಣಲಿಲ್ಲ. ಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆಯಿಂದ ಬೇರೆ ಪ್ರಾಣಿಗಳನ್ನೂ ಸೇರಿಸಬಹುದು ಎಂದು ಕೊನೆಗೊಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ.

ಕಾಕಾ ಒಂದು ಎಮ್ಮೆಯ ಬಾಯಿಹುಣ್ಣನ್ನು ಮುಚ್ಚಿಟ್ಟರೆ ಅಪರಾಧಿ. ಅಮೆರಿಕದಲ್ಲಿ ಜಿಂಕೆಯ ಮಾಲೀಕ ಒಬ್ಬ, ತಪಾಸಣೆಯವನು ಇನ್ನೊಬ್ಬ. ಇಬ್ಬರೂ ಕೋರ್ಟಿಗೆ ಹೋಗುತ್ತಾರೆ, ಜಗಳದಲ್ಲಿ ಸ್ವಲ್ಪ ಸತ್ಯವಾದರೂ ಹೊರಬರುತ್ತದೆ. ನಮ್ಮಲ್ಲಿ ಬೇಲಿ ಎದ್ದು ಹೊಲ ಮೇಯುವುದಿಲ್ಲ. ಬೇಲಿಯೇ ಹೊಲದ ಮಾಲೀಕ, ಬೇಲಿಯೇ ತಲಾಠಿ, ಬೆಳೆ ಹಾಳಾಯಿತೆಂದು ಪಂಚನಾಮೆ ಬರೆಯುವುದೂ ಬೇಲಿಯೇ. ಸತ್ತ ಮೇಲೆ ತನಿಖಾ ತಂಡ, ತಂಡದ ಮೇಲೆ ವರದಿ, ವರದಿಯ ಮೇಲೆ ಧೂಳು.

ಇಷ್ಟಕ್ಕೆಲ್ಲ ಬೈದು ಕೂತರೆ ದೇಶದ್ರೋಹವಾದೀತು. ಆದ್ದರಿಂದ ಮೇಕೆ ಯೋಜನೆಯ ಯಶಸ್ಸಿಗಾಗಿ ಒಂದು ಕರಡು ಸುತ್ತೋಲೆಯನ್ನು ನಾನೇ ಸಿದ್ಧಪಡಿಸಿದ್ದೇನೆ. ಒಂದು: ಕಾಡಿಗೆ ಬಿಡುವ ಪ್ರತಿ ಮೇಕೆ ತಾನು ನಿರೋಗಿಯೆಂದು ನೂರು ರೂಪಾಯಿಯ ಛಾಪಾಕಾಗದದ ಮೇಲೆ ಪ್ರಮಾಣ ಮಾಡತಕ್ಕದ್ದು. ಎರಡು: ರೋಗಪೀಡಿತ ಮೇಕೆಯನ್ನೇ ಮೊದಲು ತಿನ್ನುವಂತೆ ಚಿರತೆಗಳಿಗೆ ತರಬೇತಿ ಶಿಬಿರ ನಡೆಸತಕ್ಕದ್ದು. ಮೂರು: ಜಿಂಕೆಗಳು ಸರ್ಕಾರಿ ಮೇಕೆಯಿಂದ ಆರಡಿ ಅಂತರ ಕಾಯ್ದುಕೊಳ್ಳತಕ್ಕದ್ದು, ತಪ್ಪಿ ಸತ್ತರೆ ಅದಕ್ಕೆ ಜಿಂಕೆಯೇ ಜವಾಬ್ದಾರಿ. ನಾಲ್ಕು: ಸುತ್ತೋಲೆಯ ಪ್ರತಿಯನ್ನು ಪ್ರಿಯಾನ್‌ಗೂ ಕಳಿಸತಕ್ಕದ್ದು. ಮುಂದೆ ಬಂದರೆ ಅದು ಸ್ವಯಂಪ್ರೇರಿತವಾಗಿ ನೋಂದಾಯಿಸಿಕೊಳ್ಳಲಿ.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಕಾಯ್ದೆಯ ಪಟ್ಟಿಯಲ್ಲಿ ಜೇನುನೊಣದ ಪಕ್ಕಕ್ಕೆ ಜಿಂಕೆ ಎಂಬ ಎರಡಕ್ಷರ ಬರೆಯುವುದು. ಒಂದು ಕೋಟಿ ಬೇಡ, ಒಂದು ಮೇಕೆಯೂ ಬೇಡ. ತೊಂದರೆ ಇಷ್ಟೇ: ಬರೆದ ಮರುದಿನದಿಂದ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಜಿಂಕೆ ಕುಂಟಿದರೂ ಮಾಲೀಕರು ಓಡಿಹೋಗಿ ವರದಿ ಕೊಡಬೇಕು, ತಡಮಾಡಿದರೆ ದಂಡ ಕಟ್ಟಬೇಕು. ಮಾಲೀಕರು ಯಾರೆಂದು ಆಗಲೇ ಹೇಳಿದ್ದೇನೆ.