ಔಟರ್‌ನಲ್ಲಿ ನಿಂತ ಗಂಡ

ಜೇವರ್ಗಿಗೆ ರೈಲಿಲ್ಲ. ಹೆದ್ದಾರಿಗೇನೂ ಬರವಿಲ್ಲ. 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದೇ ಹೋಗುತ್ತದೆ. 150ಎ ಅಂತೂ ಇಲ್ಲಿಂದಲೇ ಹುಟ್ಟಿ ಶಹಾಪುರ, ಸುರಪುರ, ಬಳ್ಳಾರಿ ದಾಟಿ ಚಾಮರಾಜನಗರ ಮುಟ್ಟುತ್ತದೆ. ಸಂಸಾರ ಸಾಕಾಗಿ ಓಡಿಹೋಗುವವನಿಗೆ ರಾಜ್ಯದ ಆ ತುದಿಯವರೆಗೆ ಡಾಂಬರು ಹಾಸಿಟ್ಟಿದ್ದಾರೆ. ರೈಲು ಬೇಕೆಂದರೆ ಮಾತ್ರ ಕಟ್ಟಿಸಂಗಾವಿ ಬ್ರಿಜ್ ಮೇಲೆ ಭೀಮೆಯನ್ನು ದಾಟಿ, 40 ಕಿಲೋಮೀಟರ್ ಆಸುಪಾಸು ಬಸ್ಸಿನಲ್ಲಿ ಕುಲುಕಿಕೊಂಡು ಕಲಬುರಗಿಗೆ ಹೋಗಬೇಕು. ಇಂಥ ಊರಿನಲ್ಲಿ ಕೂತು ದಿನಾ ರೈಲಿಗೆ ಬೈಯುವ ಗಂಡಸು ತಾಲ್ಲೂಕಿಗೆಲ್ಲ ನಾನೊಬ್ಬನೇ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಆಕೆಯ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ ಎಂಬುದು ನನ್ನ ಭ್ರಮೆ ಇರಬಹುದು.

ನನ್ನ ಕಚೇರಿ ಕಲಬುರಗಿಯಿಂದಲೂ ಮುಂದೆ, ಹಳಿಯ ಮಗ್ಗುಲಿಗಿರುವ ಒಂದು ಊರಿನಲ್ಲಿದೆ. ಊರಿನ ಹೆಸರು ಬರೆದರೆ ನಮ್ಮ ಸಾಹೇಬರು ನನ್ನನ್ನು ಗುರುತು ಹಿಡಿಯುತ್ತಾರೆ, ಬೇಡ. ಅಲ್ಲೇ ಮನೆ ಮಾಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲಿ ಅಪ್ಪ ಕಟ್ಟಿಸಿದ, ಶಹಾಬಾದ್ ಫರಸಿ ಹಾಸಿದ ಮನೆ ಇದೆ, ಒಂದಿಷ್ಟು ತೊಗರಿ ಹೊಲ ಇದೆ, ಎಲ್ಲಕ್ಕೂ ಮೇಲಾಗಿ ಅವ್ವ ಇದ್ದಾಳೆ. ಅವ್ವ ಭೀಮೆಯ ಆಚೆ ದಂಡೆಗೆ ಜಾತ್ರೆಗೆ ಹೋಗುತ್ತಾಳೆ, ವಸ್ತಿ ಮಾಡುವುದಿಲ್ಲ. ಹೀಗಾಗಿ ನನ್ನದು ಅಪ್-ಡೌನ್. ನಮ್ಮ ಕಡೆ ‘ಅಪ್-ಡೌನ್ ಮಾಡ್ತೀರೇನ್ರಿ?’ ಎಂದು ಕೇಳುವವರು ಬಿಪಿ ಅದೇನ್ರಿ ಎಂದು ಕೇಳುವ ದನಿಯಲ್ಲೇ ಕೇಳುತ್ತಾರೆ, ಉತ್ತರ ಬರುವ ಮೊದಲೇ ಕನಿಕರ ತೋರಿಸುತ್ತಾರೆ.

ಹಳಿಯ ಘನತೆಗೆ ನಾನು ಕಡಿಮೆ ಹೇಳಲಾರೆ. ಮುಂಬೈ ಕಡೆಯಿಂದ ಬಂದ ಜಿ.ಐ.ಪಿ. ಕಂಪನಿಯ ಹಳಿ ಕಲಬುರಗಿಯನ್ನು ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ತೆರೆದದ್ದು 1874ರಲ್ಲಿ. ಅಲ್ಲಿಂದ ಈಚೆಗೆ ಚೆನ್ನೈಗೆ ಹೋಗುವ ಮೇಲ್ ಆಗಲಿ, ಹೈದರಾಬಾದಿನ ಎಕ್ಸ್‌ಪ್ರೆಸ್ ಆಗಲಿ, ಬೆಂಗಳೂರಿನ ಉದ್ಯಾನ್ ಆಗಲಿ ನಮ್ಮ ಕಣ್ಣೆದುರಿಗೇ ಹಾಯಬೇಕು. ಅವುಗಳ ಸಂದಿಯಲ್ಲಿ ಸಿಮೆಂಟು ಹೇರಿಕೊಂಡ ಗೂಡ್ಸು. ಇವೆಲ್ಲ ಹೋದಮೇಲೆ ಹಳಿಯಲ್ಲಿ ಜಾಗ ಉಳಿದರೆ ನಮ್ಮ ಪ್ಯಾಸೆಂಜರ್ ಹೋಗುತ್ತದೆ. ಅದನ್ನು ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ ಹಾಕಿ, ಪಕ್ಕದಿಂದ ಎಕ್ಸ್‌ಪ್ರೆಸ್ಸನ್ನು ಧೂಳೆಬ್ಬಿಸಿ ಬಿಡುತ್ತಾರೆ. ಎಸಿ ಬೋಗಿಯ ಕಿಟಕಿಯಲ್ಲಿ ಯಾರೋ ಚಹಾ ಕುಡಿಯುತ್ತ ನಮ್ಮನ್ನು ನೋಡುತ್ತಾರೆ. ನಾವು ಶೇಂಗಾ ಸುಲಿಯುತ್ತ ಅವರನ್ನು ನೋಡುತ್ತೇವೆ.

ಮೊದಲು ಒಂಟಿ ಹಳಿ ಇದ್ದ ಕಡೆ ‘ಕ್ರಾಸಿಂಗ್ ಅದ’ ಎನ್ನುತ್ತಿದ್ದರು. ಜೋಡಿ ಹಳಿ ಆದಮೇಲೆ ಕ್ರಾಸಿಂಗ್ ಹೋಯಿತು, ನಿಲ್ಲುವುದು ಹೋಗಲಿಲ್ಲ. ಲಾಕ್‌ಡೌನ್ ಮುಗಿದಮೇಲೆ ದೇಶದ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಸ್ಪೆಷಲ್ ಎಂದು ಹೆಸರು ಬದಲಿಸಿಕೊಂಡು ಬಂದವು. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು. 2024ರ ಫೆಬ್ರುವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಏರಿದಾಗ ಗಾಡಿ ಜೋರಾಗಿ ಓಡಲಿಲ್ಲ, ಇಳಿದಾಗ ಮೆಲ್ಲಗಾಗಲಿಲ್ಲ. ಅಷ್ಟರ ಮಟ್ಟಿಗೆ ಅದು ಸ್ಥಿತಪ್ರಜ್ಞ.

ಗಾಡಿ ದಿನಾ ಒಂದು ತಾಸು ತಡವಾಗಿ ಬಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ತಡಕ್ಕೊಂದು ಶಿಸ್ತಿದ್ದರೆ ಮನುಷ್ಯ ಒಂದು ತಾಸು ಹೆಚ್ಚು ಮಲಗಿ ಸುಖವಾಗಿರುತ್ತಾನೆ. ಇದು ಹಾಗಲ್ಲ. ಸೋಮವಾರ ಮುಕ್ಕಾಲು ತಾಸು, ಮಂಗಳವಾರ ಹತ್ತು ನಿಮಿಷ, ಬುಧವಾರ ಗೊತ್ತಿಲ್ಲ. ಗುರುವಾರ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಶ್ಚಿಂತೆಯಿಂದ ಸುಸಲಾ ತಿಂದು, ಮಿರ್ಚಿ ಮುಗಿಸಿ, ಕೈ ತೊಳೆದು ಹೋದರೆ ಅದು ಟೈಮಿಗೆ ಸರಿಯಾಗಿ ಹೋಗಿಬಿಟ್ಟಿರುತ್ತದೆ. ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಅಪ್-ಡೌನ್ ಮಂದಿಯೆಲ್ಲ ಕೂಡಿ ‘ಹ್ಯಾಂಗ ಹೋತು? ಟೈಮಿಗಿ ಹ್ಯಾಂಗ ಹೋತು?’ ಎಂದು ಮೋಸ ಹೋದವರ ಹಾಗೆ ಒಬ್ಬರನ್ನೊಬ್ಬರು ಕೇಳುತ್ತೇವೆ.

ಈ ರೋಗ ಮನೆಗೆ ಹತ್ತಿದ್ದು ನನ್ನಿಂದಲೇ. ಸಂಜೆ ಹೆಂಡತಿ ಫೋನು ಮಾಡಿ ‘ಎಲ್ಲಿದ್ದೀರಿ?’ ಎಂದರೆ ನಾನು ‘ಔಟರ್‌ನಾಗ ನಿಂತದ’ ಎನ್ನುತ್ತಿದ್ದೆ. ಸ್ಟೇಷನ್ ಕಾಣುತ್ತಿರುತ್ತದೆ, ಭಜಿ ಕರಿದ ವಾಸನೆಯೂ ಬರುತ್ತಿರುತ್ತದೆ, ಸಿಗ್ನಲ್ ಮಾತ್ರ ಕೆಂಪು. ಕೇಳಿ ಕೇಳಿ ಮಗನಿಗೆ ಆ ಮಾತು ಬಾಯಿಪಾಠ ಆಯಿತು. ಹೋಂವರ್ಕ್ ಮುಗೀತೇನೋ ಎಂದರೆ ‘ಔಟರ್‌ನಾಗ ಅದಪ್ಪಾ’ ಎನ್ನುತ್ತಾನೆ. ತಡಕ್ಕೆ ವಿಷಾದ ಹೇಳುವ ಸ್ಟೇಷನ್ನಿನ ಮೈಕಿನಿಂದ ಅವ್ವ ಕಲಿತದ್ದು ಒಂದೇ ಮಾತು. ಚಹಾಕ್ಕೆ ಸಕ್ಕರೆ ಮರೆತರೂ, ಹಾಲು ಉಕ್ಕಿ ಒಲೆ ಆರಿದರೂ ಆಕೆ ಗಂಭೀರವಾಗಿ ‘ಖೇದ್ ಹೈ’ ಎಂದು ಒಳಗೆ ಹೋಗುತ್ತಾಳೆ. ಬೈಯಲು ಬಾಯಿ ತೆರೆದವನಿಗೆ ಮುಂದೇನು ಹೇಳಬೇಕೆಂದೇ ತೋಚುವುದಿಲ್ಲ. ಮೈಕಿನವರು ಇಷ್ಟು ವರ್ಷ ಹೇಗೆ ಬದುಕುಳಿದರೆಂದು ಆಗ ತಿಳಿಯಿತು.

ಹೆಂಡತಿಯದು ಬೇರೆಯೇ ದಾರಿ. ಆಕೆ ತನ್ನ ಫೋನಿನಲ್ಲಿ ಗಾಡಿ ಎಲ್ಲಿದೆ ಎಂದು ತೋರಿಸುವ ಆ್ಯಪ್ ಹಾಕಿಕೊಂಡಳು. ಕಾರಣ ಪ್ರೀತಿಯಲ್ಲ, ರೊಟ್ಟಿ. ಜೋಳದ ರೊಟ್ಟಿಯ ಲೆಕ್ಕ ಬಲ್ಲವರಿಗೇ ಗೊತ್ತು. ಕುದಿಯುವ ಎಸರಿನಲ್ಲಿ ಹಿಟ್ಟು ನಾದಿ, ಕೊಣಮಿಗೆಯಲ್ಲಿ ಟಪ್ ಟಪ್ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿದ ಕೂಡಲೇ ತಾಟಿಗೆ ಬಂದರೆ ಅದು ಬಿಸಿ ರೊಟ್ಟಿ. ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ ಜೊತೆಗೆ ಸ್ವರ್ಗ. ಅರ್ಧ ತಾಸು ಕಾದರೆ ಚರ್ಮ. ಒಂದು ತಾಸು ಕಾದರೆ ಹಲ್ಲಿನ ಡಾಕ್ಟರು. ಹೀಗಾಗಿ ಆಕೆ ಗಾಡಿ ಕಲಬುರಗಿ ಮುಟ್ಟಿ, ನಾನು ಬಸ್ಸು ಹತ್ತುವ ಹೊತ್ತನ್ನು ಆ್ಯಪಿನಲ್ಲಿ ನೋಡಿ ಒಲೆ ಹಚ್ಚುತ್ತಿದ್ದಳು. ಆ್ಯಪು ಪಾಪ ಮುಂದಿನ ಸ್ಟೇಷನ್ನಿಗೆ ಇಷ್ಟೊತ್ತಿಗೆ ಎನ್ನುತ್ತಿತ್ತು. ಗಾಡಿ ಮಾತ್ರ ಹಿಂದಿನ ಸ್ಟೇಷನ್ನಿನಲ್ಲಿ ನಿಂತು ಗೂಡ್ಸಿಗೆ ದಾರಿ ಬಿಡುತ್ತಿತ್ತು. ಒಂದು ರಾತ್ರಿ ಆಕೆ ಹಿಟ್ಟಿನ ಕೈಯಲ್ಲೇ ಫೋನು ಮಾಡಿ ‘ನಿಮ್ಮ ಗಾಡಿ ಹಿಂದಕ ಹೊಂಟದೇನ್ರಿ?’ ಎಂದು ಕೇಳಿದಳು. ನಾನು ಕಿಟಕಿಯಿಂದ ಇಣುಕಿ ಖಾತ್ರಿ ಮಾಡಿಕೊಂಡೇ ಇಲ್ಲ ಎಂದೆ. ಮರುದಿನದಿಂದ ನನಗೆ ಖಡಕ್ ರೊಟ್ಟಿ ನಿಗದಿಯಾಯಿತು. ಸಂಕ್ರಾಂತಿಯ ಸುತ್ತ ಮಾಡಿಟ್ಟದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ, ಯಾವ ಸಿಗ್ನಲ್ಲಿಗೂ ಅಂಜುವುದಿಲ್ಲ. ಮನೆಯ ಉಳಿದವರಿಗೆ ಬಿಸಿ ರೊಟ್ಟಿ, ರೈಲನ್ನು ನಂಬಿದವನಿಗೆ ಖಡಕ್ಕು.

ಹೀಗಿರುವಾಗ ಒಂದು ದಿನ ಗಾಡಿ ಟೈಮಿಗೆ ಬಂತು. ಬಸ್ಸೂ ಕೂಡಲೇ ಸಿಕ್ಕಿತು. ಭೀಮೆಯ ಬ್ರಿಜ್ ಮೇಲೆ ಇನ್ನೂ ಬಿಸಿಲಿತ್ತು. ಅಷ್ಟೊತ್ತಿಗೆ ಆ ನದಿಯಲ್ಲಿ ನೀರಿದೆ ಎಂಬುದನ್ನು ನಾನು ಭಾನುವಾರ ಬಿಟ್ಟು ಬೇರೆ ದಿನ ನೋಡಿರಲಿಲ್ಲ. ಎದೆಯುಬ್ಬಿಸಿ ಮನೆಗೆ ಬಂದರೆ ಬಾಗಿಲಿಗೆ ಕೀಲಿ. ಪಕ್ಕದ ಮನೆಯ ಕಾಕು ಜೋಳ ಹಸನು ಮಾಡುತ್ತ ಕೂತಿದ್ದವರು ನನ್ನನ್ನು ನೋಡಿ ಮೊರ ಕೆಳಗಿಟ್ಟರು.

‘ಯಾಕ್ರಿ, ಆರಾಮಿಲ್ಲೇನು?’

‘ಆರಾಮ ಇದ್ದೀನಿ.’

‘ಮತ್ತ... ಸಸ್ಪೆಂಡಾ?’

ಕಾಕುಗೆ ಮೂರನೇ ಸಾಧ್ಯತೆ ಹೊಳೆಯಲೇ ಇಲ್ಲ. ನಾನು ಕಟ್ಟೆಯ ಮೇಲೆ ಕೂತೆ. ಹೆಂಡತಿ, ಅವ್ವ, ಮಗ ಮೂವರೂ ಕಲಬುರಗಿಗೆ ಹೋಗಿದ್ದರಂತೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕಲಬುರಗಿ ಹಿತ್ತಲಾಗಿದೆ. ಶರಣಬಸವೇಶ್ವರರ ದರ್ಶನ, ಸೂಪರ್ ಮಾರ್ಕೆಟ್‌ನಲ್ಲಿ ಬಳೆ, ಕುಪ್ಪಸದ ಖಣ, ಒಂದು ಕಪ್ ಚಹಾ, ನಾನು ಬರುವುದರೊಳಗೆ ವಾಪಸು. ಅವರ ಟಿಕೆಟ್ಟು ಸೊನ್ನೆ. ನಾನು ಬಸ್ಸಿಗೆ ಬೇರೆ, ರೈಲಿನ ಪಾಸಿಗೆ ಬೇರೆ ರೊಕ್ಕ ಕೊಟ್ಟು ಅವರಿಗಿಂತ ತಡವಾಗಿ ಬರುತ್ತೇನೆ. ಇಷ್ಟು ದಿನ ಈ ವ್ಯವಸ್ಥೆ ನನಗೆ ತಿಳಿಯದೆ ಸುಸೂತ್ರವಾಗಿ ನಡೆದಿತ್ತು. ಗಾಡಿ ಟೈಮಿಗೆ ಬಂದು ಎಲ್ಲ ಕೆಡಿಸಿತು.

ಕತ್ತಲಾಗುವ ಹೊತ್ತಿಗೆ ಬಂದರು. ಹೆಂಡತಿ ನನ್ನನ್ನು ನೋಡಿ ಚೀಲವನ್ನು ಸೆರಗಿನ ಹಿಂದೆ ಸರಿಸಿ ‘ಗಾಡಿ ರದ್ದಾತೇನ್ರಿ?’ ಎಂದಳು.

‘ಟೈಮಿಗಿ ಬಂತು.’

‘ಫೋನ್ ಮಾಡಿ ಹೇಳ್ಬೇಕಿಲ್ರಿ? ಹಿಂಗ ಒಮ್ಮಿಗೇ ಬಂದ್ರ ಹ್ಯಾಂಗ?’

ಅವ್ವ ಮಾತಾಡಲಿಲ್ಲ. ಉಪ್ಪು, ಒಣ ಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ‘ಕೆಟ್ಟ ಕಣ್ಣು ಭಾಳ ಬಿದ್ದಾದ’ ಎಂದು ನಿಟ್ಟುಸಿರುಬಿಟ್ಟಳು. ಊಟಕ್ಕೆ ಬಿಸಿ ರೊಟ್ಟಿ ಇರಲಿಲ್ಲ. ಅಷ್ಟು ಬೇಗ ಬಂದವನಿಗೆ ಹಿಟ್ಟು ಯಾರು ನಾದಿರುತ್ತಾರೆ.

ಈಚೆಗೆ ಹೆಂಡತಿ ರೈಲಿನವರ ಇನ್ನೊಂದು ವಿದ್ಯೆ ಕಲಿತಿದ್ದಾಳೆ, ಅದನ್ನು ಕಲಿಸಿದವನೂ ನಾನೇ. ಟೈಮ್‌ಟೇಬಲ್ಲಿನಲ್ಲಿ ಕೊನೆಯ ಸ್ಟೇಷನ್ನಿಗೆ ಮೊದಲು ಒಂದಿಷ್ಟು ಹೆಚ್ಚಿನ ಹೊತ್ತು ಸೇರಿಸಿಟ್ಟಿರುತ್ತಾರೆ. ದಾರಿಯುದ್ದಕ್ಕೂ ತಡವಾದ ಗಾಡಿ ಕೊನೆಗೆ ಟೈಮಿಗೆ ಮುಟ್ಟಿದಂತೆ ಕಾಣುತ್ತದೆ. ಹಾಗೆ ಮುಟ್ಟುವಾಗಲೂ 15 ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸುವುದಿಲ್ಲ. ನಡುವಿನ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮಂಥವರಿಗೆ ಈ ಪುಣ್ಯದಲ್ಲಿ ಪಾಲಿಲ್ಲ. ಇದನ್ನು ನಾನು ಊಟದ ಹೊತ್ತಿಗೆ ಸಿಟ್ಟಿನಿಂದ ವಿವರಿಸಿದೆ. ಆಕೆ ಎಂದೂ ಇಲ್ಲದಷ್ಟು ಗಮನ ಕೊಟ್ಟು ಕೇಳಿದಳು. ಆ ವಾರವೇ ಬೀಗರ ಮನೆಯ ಸೀಮಂತ ಹನ್ನೊಂದಕ್ಕೆ ಎಂದಳು. ಬೆವರಿಳಿಸಿಕೊಂಡು ಓಡಿ ಹೋದರೆ ಅವರ ಮನೆಯಲ್ಲಿ ಇನ್ನೂ ರಂಗೋಲಿ ಹಾಕುತ್ತಿದ್ದರು. ಕಾರ್ಯ ಇದ್ದದ್ದು ಒಂದಕ್ಕೆ. ಮುಂದಿನ ಸಲ ಆಕೆ ಹತ್ತು ಎಂದಾಗ ನಾನು ಹನ್ನೆರಡಕ್ಕೆ ಹೋದೆ. ಆಕೆ ಅದನ್ನೂ ಲೆಕ್ಕ ಹಿಡಿದು ಎಂಟು ಎನ್ನತೊಡಗಿದಳು.

ಬರುವ ಭಾನುವಾರ ಆಕೆಯ ತಮ್ಮನ ಮಗಳ ಲಗ್ನ, ಅಫಜಲಪುರದಲ್ಲಿ. ಅಕ್ಕಿಕಾಳು ಬೀಳುವುದು ಎಷ್ಟಕ್ಕೆ ಎಂದು ಕೇಳಿದರೆ ಹೆಂಡತಿ ‘ನಸುಕಿನಾಗ ಎದ್ದುಬಿಡ್ರಿ ಸಾಕು’ ಎನ್ನುತ್ತಾಳೆ. ಅವ್ವನನ್ನು ಕೇಳಿದೆ, ‘ಖೇದ್ ಹೈ’ ಎಂದಳು. ಮಗ ಹತ್ತು ರೂಪಾಯಿ ಕೇಳಿ, ಇಸಕೊಂಡು, ಗೊತ್ತಿಲ್ಲ ಎಂದ. ಲಗ್ನಪತ್ರಿಕೆಯನ್ನು ದೇವರ ಜಗಲಿಯ ಮೇಲೆ ನೋಡಿದೆ, ಟ್ರಂಕಿನಲ್ಲಿ ನೋಡಿದೆ, ಹಾಸಿಗೆ ಎತ್ತಿ ನೋಡಿದೆ. ಈಗ ತೊಗರಿಬೇಳೆ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿದ್ದೇನೆ. ಹೊರಗೆ ಗೇಟಿನ ಚಿಲಕ ತೆಗೆದ ಸದ್ದಾಯಿತು.