ಪಾತ್ರೆಯ ಆಕಾರ

ಮಂಡ್ಯದ ವಿ.ಸಿ. ಫಾರಂ ಎಂದರೆ ವಿಶ್ವೇಶ್ವರಯ್ಯ ಕಾಲುವೆ ಫಾರಂ; ಹೆಸರಲ್ಲೇ ನೀರು ಹರಿಯುತ್ತದೆ. ದ್ರವಕ್ಕೆ ಸ್ವಂತ ಆಕಾರವಿಲ್ಲ, ಪಾತ್ರೆಯದ್ದೇ ಆಕಾರ ಎಂದು ಮೇಷ್ಟ್ರು ಹೇಳಿದ್ದು ನನಗೆ ತಿಳಿದದ್ದು ಆ ಕಡೆಯ ಆಲೆಮನೆಯಲ್ಲಿ. ಕಬ್ಬಿನ ಹಾಲು ಲೋಟದಲ್ಲಿದ್ದಾಗ ಲೋಟದಂತೆ, ಆಮೇಲೆ ನನ್ನ ಹೊಟ್ಟೆಯಂತೆ.

ಮಂಡ್ಯ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. ಹಾಗಾಗಿ ಇಲ್ಲಿ ನೀರು 98 ಡಿಗ್ರಿ ಮುಟ್ಟುವ ಹೊತ್ತಿಗೇ ಕುದಿಯುತ್ತದೆ. (ನಮ್ಮ ಜನ ಬೇಗ ಕುದಿಯುವುದಕ್ಕೂ ಇದೇ ಕಾರಣವಿರಬೇಕು.) ಕೊಪ್ಪರಿಗೆಯ ಹಾಲಿನ ಬುದ್ಧಿ ಬೇರೆ. ಮೊದಲು ಸುಣ್ಣ, ಬೆಂಡೆಗಿಡದ ಲೋಳೆ ಸೇರಿ ಕೊಳೆಯನ್ನೆಲ್ಲ ಮೇಲಕ್ಕೆ ತೇಲಿಸುತ್ತವೆ. ನೀರು ಆವಿಯಾದಷ್ಟೂ ಸಕ್ಕರೆ ದಟ್ಟವಾಗಿ ಕುದಿಬಿಂದು ಏರುತ್ತದೆ. 105ರ ಆಸುಪಾಸಿನಲ್ಲಿ ಇಳಿಸಿದರೆ ಜೋನಿಬೆಲ್ಲ, 118ರ ಹತ್ತಿರ ಅಚ್ಚುಬೆಲ್ಲ. ಥರ್ಮಾಮೀಟರ್ ಯಾರಿಗೆ ಬೇಕು? ಹದಗಾರ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಾನೆ. ಉಂಡೆ ಕಟ್ಟಿತೋ, "ಇಳ್ಸ್ರಲಾ!" ಎಂದು ಕೂಗು.

ಮನೆಯಲ್ಲಿ ನಾನೂ ಪ್ರಯತ್ನಿಸಿದೆ. ಕಟ್ಟಿತು, ಸೌಟಿನ ಸಮೇತ. ಆ ಬೆಲ್ಲ ಈಗಲೂ ಅಟ್ಟದ ಮೇಲಿದೆ, ಪಾತ್ರೆಯ ಆಕಾರದಲ್ಲೇ.